ಟವೆಲಿನೊಳಗಿನ ಸಾಂತ್ವನ

ಆ ದಿನ ಆದದ್ದಕ್ಕೆಲ್ಲ ಮೂಲ ಒಂದು ಟಿಶ್ಯೂ ಪೇಪರಿನ ಡಬ್ಬಿ. ಡಬ್ಬಿ ಇತ್ತು, ಒಳಗೆ ಟಿಶ್ಯೂ ಇರಲಿಲ್ಲ.

ಆದೋನಿಯ ಆ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆಗೆ ಅಂತ ಒಂದು ಕೋಣೆ ಇದೆ. ಕರ್ನೂಲಿನಿಂದ ವಾರಕ್ಕೊಮ್ಮೆ ಬರುವ ಡಾಕ್ಟರ್ ಹೇಮಾವತಿ ಮೇಡಂ ಅದರ ಮುಖ್ಯಸ್ಥೆ. ಆ ಕೋಣೆಯ ಮೇಜಿನ ಮೇಲೆ ಟಿಶ್ಯೂ ಡಬ್ಬಿ ಯಾವತ್ತೂ ಇರಬೇಕು ಅಂತ ಅವರ ಕಟ್ಟಪ್ಪಣೆ. ಅಳುವವರಿಗೆ ನಾವಾಗಿ ಎತ್ತಿ ಕೊಟ್ಟರೆ ‘ಸಾಕು, ಅಳು ನಿಲ್ಲಿಸು’ ಅಂದ ಹಾಗಾಗುತ್ತದೆ, ಅದು ಅವರ ಕೈಗೇ ಸಿಗಬೇಕು ಅಂತ ಅವರ ಸಿದ್ಧಾಂತ. ಆಸ್ಪತ್ರೆಯ ಮೆಡಿಕಲ್ ಶಾಪಿನ ಬಸವಪ್ರಸಾದನ ಸಿದ್ಧಾಂತ ಬೇರೆ. ಬೆಳಿಗ್ಗೆ ಒಗ್ಗರಣಿ ಮಂಡಕ್ಕಿ ಜೊತೆ ಬರುವ ಮಿರ್ಚಿ ಬಜ್ಜಿಯನ್ನು ಚೆನ್ನಾಗಿ ಒತ್ತಿ ಎಣ್ಣೆ ತೆಗೆದು ತಿಂದರೆ ಎದೆಗೆ ಏನೂ ಆಗುವುದಿಲ್ಲ, ಒತ್ತುವುದಕ್ಕೆ ಆ ಮೆತ್ತನೆ ಟಿಶ್ಯೂವಿನಷ್ಟು ಒಳ್ಳೆಯದು ಇನ್ನೊಂದಿಲ್ಲ.

“ಏನ್ರೀ ಬಸವಪ್ರಸಾದ್, ಇವತ್ತಾದ್ರೂ ಬಿಡಬಾರದಾ?” ಅಂತ ರುದ್ರೇಶ ಖಾಲಿ ಡಬ್ಬಿ ಹಿಡಿದು ಬಂದ. “ಇವತ್ತು ನನ್ನ ಪರೀಕ್ಷಾ ಐತಿ.”

“ಪರೀಕ್ಷಾ ನಿಂದು. ಅಳೋರು ಯಾರು?” ಅಂದ ಬಸವಪ್ರಸಾದ, ಬೆರಳು ನೆಕ್ಕುತ್ತಾ. “ಮಧ್ಯಾಹ್ನ ಹೊಸಾದು ತರಸ್ತೀನಿ ಬಿಡು. ಅಲ್ಲೀತನ ಯಾರಾರ ಅತ್ತರ ಅಂಗೀ ಚುಂಗಿಲೇ ಒರಸ್ಕೋತಾರ.”

ರುದ್ರೇಶ ನಕ್ಕು ಬಂದುಬಿಟ್ಟ. ಇಂಥ ಸಣ್ಣ ಸಂಗತಿಗೆ ತಲೆ ಕೆಡಿಸಿಕೊಳ್ಳುವ ಹುಡುಗ ಅವನಲ್ಲ. ಕ್ಲಿನಿಕಲ್ ಸೈಕಾಲಜಿ ಇಂಟರ್ನ್ ಆಗಿ ಅಲ್ಲಿ ಸೇರಿದ ದಿನದಿಂದ ಅವನ ಆತ್ಮವಿಶ್ವಾಸ ಬೆಳೆದದ್ದೇ ಬೆಳೆದದ್ದು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಮುಖ ನೋಡಿ ಇವರ ಮನೆಯಲ್ಲಿ ಅತ್ತೆ-ಸೊಸೆ ಜಗಳ, ಇವರಿಗೆ ಒಳಗೆ ಕೊರಗು ಅಂತ ಹೇಳುತ್ತಿದ್ದ. ತಪ್ಪಾದರೆ ‘ಅವರು ಮುಚ್ಚಿಡ್ತಿದಾರ’ ಅನ್ನುತ್ತಿದ್ದ. ಇಂಥವನನ್ನು ಸೋಲಿಸುವುದು ಹೇಗೆ ಹೇಳಿ!

ಆದರೆ ಆ ದಿನ ಗೆಲ್ಲಲೇಬೇಕಾಗಿತ್ತು. ಅವನಪ್ಪ ಮರಿಬಸಪ್ಪ ಆದೋನಿಯ ಹಳೇ ಹತ್ತಿ ವ್ಯಾಪಾರಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಾ ಅವರು ಮಗನಿಗೆ ಸ್ಪಷ್ಟವಾಗಿ ಹೇಳಿದ್ದರು.

“ನೋಡಪಾ, ನಮ್ಮ ಮನಿತನದಾಗ ಎಲ್ಲಾರೂ ಹತ್ತಿ ನೋಡಿ ಬೆಲಿ ಕಟ್ಟಿದೋರು. ನೀ ಒಬ್ಬಾಂವ ಮಂದಿ ಮಾರಿ ನೋಡಿಕೋತ ಕುಂದರ್ತೀನಿ ಅಂದಿ. ಹೂಂ ಅಂದೆ. ಇವತ್ತು ನಿಮ್ಮ ಮೇಡಂ ‘ನಿಮ್ಮ ಹುಡುಗ ತಯಾರಾದ’ ಅಂದ್ರ ನಿನ್ನ ದಾರಿ ನಿನಗ, ನಾ ಅಡ್ಡ ಬರಂಗಿಲ್ಲ. ಇಲ್ಲಂದ್ರ ನಾಳೆ ಮುಂಜಾನಿ ಅಂಗಡ್ಯಾಗ ಗಾದಿ ಮ್ಯಾಲ ಬಂದು ಕುಂದ್ರು. ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು.”

ಅಂಗಡಿ ಅಂದರೆ ರುದ್ರೇಶನಿಗೆ ಸೀನು. ಹತ್ತಿಯ ಎಳೆ ಮೂಗಿಗೆ ಹೋಗಿ ಬರುವ ಸೀನು ಒಂದು ಕಡೆ, ಆ ಚೌಕಾಸಿ, ಆ ದಲ್ಲಾಳಿಗಳು, ಆ ಗುಸುಗುಸು ನೋಡಿದರೆ ಬರುವ ಜಿಗುಪ್ಸೆ ಇನ್ನೊಂದು ಕಡೆ. ಚಿಕ್ಕಂದಿನಿಂದಲೂ ಅಂಗಡಿಗೆ ಗಿರಾಕಿ ಬಂದರೆ ಸಾಕು, ಅವನು ಪುಸ್ತಕ ಹಿಡಿದು ಹಿಂದಿನ ಕೋಣೆ ಸೇರಿಬಿಡುತ್ತಿದ್ದ. ವ್ಯಾಪಾರದ ಒಂದಕ್ಷರವನ್ನೂ ಕಲಿಯಬಾರದು ಅಂತ ಹಟ ಹಿಡಿದು ಕಲಿಯದೆ ಉಳಿದವನು.

ಪರೀಕ್ಷೆ ಏನಪ್ಪಾ ಅಂದರೆ, ಹೊಸ ಪೇಷಂಟ್ ಒಬ್ಬರನ್ನು ಕೂರಿಸಿಕೊಂಡು ಮೊದಲಿಂದ ಕೊನೆವರೆಗೆ ಅವನೇ ಮಾತಾಡಿಸಬೇಕು. ಮೇಡಂ ಪರದೆಯ ಹಿಂದೆ ಕೂತು ಕೇಳುತ್ತಾರೆ. ಪೇಷಂಟಿಗೂ ಮೊದಲೇ ಹೇಳಿ ಒಪ್ಪಿಗೆ ತಗೊಂಡಿರಬೇಕು. ಬುದ್ಧಿ ಹೇಳಬಾರದು. ಭರವಸೆ ಕೊಡಬಾರದು. ಅವರು ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು. ಈ ಸುಮ್ಮನಿರುವುದು ಇದೆಯಲ್ಲ, ನಮ್ಮ ಕಡೆ ಅದಕ್ಕಿಂತ ಕಷ್ಟದ ವಿದ್ಯೆ ಇಲ್ಲ. ಕಾಲು ಉಳುಕಿದವನು ರಸ್ತೆ ದಾಟುವಷ್ಟರಲ್ಲಿ ಹತ್ತು ಜನ ಹತ್ತು ಎಣ್ಣೆಯ ಹೆಸರು ಹೇಳುವ ಊರು ಇದು.

ಕಷ್ಟ ಬಂದದ್ದು ಪೇಷಂಟಿನದು. ಅವತ್ತಿಗೆ ಅಂತ ಎಮ್ಮಿಗನೂರಿನ ಮೇಷ್ಟ್ರೊಬ್ಬರನ್ನು ಗೊತ್ತು ಮಾಡಿಟ್ಟಿದ್ದರು. ಅವರು ಬಂದದ್ದೂ ನಿಜ. ಆದರೆ ರಿಸೆಪ್ಷನ್ನಿನಲ್ಲಿ ಅವರ ಬೀಗರ ಪಕ್ಕದ ಮನೆಯವರು ಕೂತಿದ್ದರು. ಮೇಷ್ಟ್ರು ಅವರನ್ನು ನೋಡಿದ್ದೇ ತಡ, “ನಾ ಬಿಪಿ ನೋಡಿಸ್ಕೊಳ್ಳಾಕ ಬಂದೀನಿ, ಬಿಪಿ!” ಅಂತ ಯಾರೂ ಕೇಳದಿದ್ದರೂ ಕೂಗಿ ಹೇಳಿ, ಬಿಪಿಯನ್ನೂ ನೋಡಿಸಿಕೊಳ್ಳದೆ ಹೊರಟುಹೋದರು.

“ಸಾರ್, ಆಯನ ವೆಳ್ಳಿಪೋಯಾರು!” ಅಂತ ರಿಸೆಪ್ಷನ್ನಿನ ಹಾರಿಕಾ ಓಡಿ ಬಂದಳು. ಅವಳಿಗೆ ಗಾಬರಿಯಾದರೆ ತೆಲುಗು, ಸಿಟ್ಟು ಬಂದರೆ ಕನ್ನಡ. “ಹೋದ್ರು ಸಾರ್, ಓಡೇ ಹೋದ್ರು. ಮತ್ತೆ ಆ ಬೈಕ್ ಸ್ಟ್ಯಾಂಡಿನಾಗ ಯಾರೋ ಕುರಿ ಕಟ್ಯಾರ, ನನ್ನ ಸ್ಕೂಟಿ ಸೀಟು ತಿನ್ನಾಕತ್ಯಾವು. ಯಾರಿಗೆ ಹೇಳಲಿ ನಾನು?”

ಕುರಿಯ ಮಾತು ರುದ್ರೇಶನ ಕಿವಿಗೆ ಬೀಳಲಿಲ್ಲ. ಮೇಡಂ ಬರುವ ಹೊತ್ತಾಗಿತ್ತು, ಪೇಷಂಟ್ ಇರಲಿಲ್ಲ. ಇವತ್ತು ಹೋದರೆ ನಾಳೆ ಗಾದಿ, ಸೀನು. ಅಷ್ಟರಲ್ಲಿ ಆಯಾ ಲಿಂಗಕ್ಕ ನೆಲ ಒರೆಸುವುದನ್ನು ಬಿಟ್ಟು ಎದ್ದು ಬಂದಳು.

“ಪೇಷಂಟ್ ಬೇಕಲ್ರಿ ಸಾರ್? ನಮ್ಮಣ್ಣ ಬಂದಾನ ನೋಡ್ರಿ, ಹಾಲಹರವಿಯಿಂದ. ನಿದ್ದಿ ಇಲ್ಲ, ಊಟ ಇಲ್ಲ, ಕುಂತಲ್ಲೇ ಕಣ್ಣೀರು. ತಲಿನೋವಿನ ಗುಳಿಗಿ ಕೊಡಸು ಅಂತ ನನ್ನ ಹಂತ್ಯಾಕ ಬಂದಾನ.”

“ಗುಳಿಗಿ ಬ್ಯಾಡ, ಒಳಗ ಕರಕೊಂಡು ಬಾ!” ಅಂದ ರುದ್ರೇಶ. ದೇವರು ದೊಡ್ಡವನು ಅಂದುಕೊಂಡ.

ಲಿಂಗಕ್ಕನ ಅಣ್ಣ ಭೀಮಲಿಂಗಪ್ಪ ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಂಥ ಆಳು. ದಪ್ಪ ಮೀಸೆ, ಹೆಗಲ ಮೇಲೆ ದೊಡ್ಡ ಟವೆಲ್. ಕುರಿ ಸಾಕಿ ಬಾಳಿದ ಮನುಷ್ಯ. ಪರದೆ ಹಿಂದೆ ನಮ್ಮ ದೊಡ್ಡ ಮೇಡಂ ಕೂತು ಕೇಳ್ತಾರ, ನಡೀತೈತಾ ಅಂತ ರುದ್ರೇಶ ಕೇಳಿದ. “ಕೇಳ್ಲಿ ಬಿಡ್ರಿ. ಮಾತೇನು ಕದ್ದದ್ದಾ?” ಅಂದ ಭೀಮಲಿಂಗಪ್ಪ. ಮೇಡಂ ಬಂದು ಪರದೆಯ ಹಿಂದೆ ಕೂತರು.

“ಹೇಳ್ರಿ ಯಜಮಾನ್ರ, ಏನು ತ್ರಾಸು ಐತಿ?”

“ನಿದ್ದಿ ಇಲ್ರಿ ಸಾರ್. ಕಣ್ಣು ಮುಚ್ಚಿದರ ಸರದಾರ ಬಂದು ಮುಂದ ನಿಂದರ್ತಾನ.”

“ಸರದಾರ ಅಂದ್ರ ಯಾರ್ರಿ?”

“ನನ್ನ ಟಗರು.”

ಪರದೆಯ ಹಿಂದೆ ಮೇಡಂ ಸಣ್ಣಗೆ ಕೆಮ್ಮಿದರು. ರುದ್ರೇಶ ಅಲ್ಲಾಡಲಿಲ್ಲ. ಯಾರ ದುಃಖವನ್ನೂ ಸಣ್ಣದು ಅನ್ನಬಾರದು ಅಂತ ಪಾಠ ಕಲಿತವನು. “ಅಂದ್ರ, ಸರದಾರನ ಚಿಂತಿ ನಿಮ್ಮ ನಿದ್ದಿ ಕೆಡಿಸೈತಿ,” ಅಂದ.

“ಹೌದ್ ನೋಡ್ರಿ!” ಭೀಮಲಿಂಗಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಇಷ್ಟು ದಿನ ಯಾರೂ ಹಿಂಗ ಕೇಳಿದ್ದಿಲ್ಲ. ಎಲ್ಲಾರೂ ಬುದ್ಧಿ ಹೇಳೋರೇ.”

ಆಮೇಲೆ ಕತೆ ಹೊರಗೆ ಬಂತು. ಮಗಳ ನಿಶ್ಚಯದ ದಿನ ಬೀಗರು ತಟ್ಟೆ ಬದಲಾಯಿಸುವುದಕ್ಕೆ ಬಗ್ಗಿದ್ದರು. ಹಿಂದಿನಿಂದ ಸರದಾರ ಬಂದು ಒಂದು ಗುಮ್ಮಿದ. ಬೀಗರು ಹೋಗಿ ಹುಗ್ಗಿಯ ಹಂಡೆಯೊಳಗೆ ಮುಂಗೈವರೆಗೆ ಇಳಿದರು. ಆ ಟಗರು ಆ ಮನೆಯಲ್ಲಿ ಇರೋತನಕ ನಮ್ಮ ಹುಡುಗ ಬಂದು ತಾಳಿ ಕಟ್ಟುವುದಿಲ್ಲ ಅಂತ ಬೀಗರು ಎದ್ದು ಹೋದರು.

“ಇವತ್ತು ಮುಂಜಾನಿ ಸಂತಿಗೂ ಒಯ್ದಿದ್ದೆ ಸಾರ್. ಬಂದೋರೆಲ್ಲ ಬೆನ್ನು ಹಿಚುಕಿ ನೋಡ್ತಾರ, ತೊಡಿ ಹಿಡಿದು ನೋಡ್ತಾರ. ಒಬ್ಬನಾರ ಅವನ ಕಣ್ಣು ನೋಡಲಿಲ್ಲ. ಕೈಯಾಗ ಹಾಲು ಕುಡಿಸಿ ಸಾಕೀನಿ ನಾನು. ತಿನ್ನೋರಿಗೆ ಹೆಂಗ ಕೊಡ್ಲಿ? ಮಗಳ ಮದುವಿನೂ ನಿಂದ್ರಬಾರದು, ಸರದಾರನೂ ಸಾಯಬಾರದು. ಕಣ್ಣು ನೋಡೋ ಮನಿಗೆ ಕೊಡಬೇಕಂತ ಐತ್ರಿ ನನಗ.”

“ಅಂದ್ರ, ಪ್ರೀತಿಲಿಂದ ನೋಡಿಕೊಳ್ಳೋ ಮನಿಗೆ ಹೋದ್ರ ನಿಮ್ಮ ಮನಸು ಹಗುರ ಆಗ್ತೈತಿ.”

“ಅಂಥಾ ಮನಿ ಸಿಗ್ತೈತಂತೀರಾ?”

ಭರವಸೆ ಕೊಡಬಾರದು! ರುದ್ರೇಶ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ಕರುಣೆ ತುಂಬಿಕೊಂಡು, ಭೀಮಲಿಂಗಪ್ಪನ ಕಣ್ಣನ್ನೇ ನೋಡುತ್ತಾ ಕೂತ. ಭೀಮಲಿಂಗಪ್ಪನೂ ಅವನ ಕಣ್ಣು ನೋಡಿದ. ಬಹಳ ಹೊತ್ತು ನೋಡಿದ.

“ನೀವು ಯಾರ ಪೈಕಿ ಸಾರ್?”

ಸ್ವಂತ ವಿಷಯ ಹೇಳಬಾರದು ಅಂತ ನಿಯಮವಿದೆ. ಆದರೆ ಆದೋನಿಯಲ್ಲಿ ‘ಯಾರ ಪೈಕಿ’ ಅಂದಾಗ ಹೇಳದೆ ಇದ್ದರೆ ಎದುರಿನವರು ಎದ್ದೇ ಹೋಗುತ್ತಾರೆ. “ಹತ್ತಿ ಮರಿಬಸಪ್ಪನೋರ ಮಗ,” ಅಂದ ಮೆಲ್ಲಗೆ.

“ಹೌದಾ! ಹಂಗಾರ ಮಾತಿನ ಮನಿತನ ಬಿಡ್ರಿ,” ಅಂದವನೇ ಭೀಮಲಿಂಗಪ್ಪ ಗಳಗಳ ಅಳಲು ಶುರುಮಾಡಿದ. ಅಷ್ಟು ದೊಡ್ಡ ಆಳು ಮಗುವಿನಂತೆ ಅತ್ತ. ಟಿಶ್ಯೂ ಡಬ್ಬಿಗೆ ಕೈ ಹಾಕಿದ, ತಳ ಕೆರೆದ, ಏನೂ ಸಿಗಲಿಲ್ಲ. ಹೆಗಲಿನ ಟವೆಲ್ ಎಳೆದು ಮುಖ ಒರೆಸಿಕೊಂಡು ತೊಡೆಯ ಮೇಲೆ ಹರಡಿಕೊಂಡ. ಕೈ ಎರಡೂ ಅದರ ಕೆಳಗೆ ಹೋದವು.

ರುದ್ರೇಶನಿಗೆ ಮೇಡಂ ಹೇಳಿದ್ದು ನೆನಪಾಯಿತು. ದುಃಖ ತುಂಬಾ ಆಳದ್ದಾದರೆ ಮಾತು ಬೇಡ, ಕೈಗೊಂದು ಕೈ ತಾಗಿದರೆ ಸಾಕು. ಅವನು ಬಾಗಿ ಟವೆಲಿನೊಳಗೆ ಕೈ ಇಟ್ಟು ಭೀಮಲಿಂಗಪ್ಪನ ಕೈ ಹಿಡಿದ.

ಅಳು ಗಕ್ಕನೆ ನಿಂತಿತು. ಭೀಮಲಿಂಗಪ್ಪ ಅವನ ಮುಖ ನೋಡಿದ. ಆಮೇಲೆ ಟವೆಲಿನೊಳಗೆ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದ. ಇದೇ ನಂಬಿಕೆ ಅಂದರೆ, ಅಂತ ರುದ್ರೇಶನ ಎದೆ ಉಬ್ಬಿತು. ಅವನು ತನ್ನ ಕೈ ಸ್ವಲ್ಪ ಬಿಡಿಸಿಕೊಂಡು, ಭೀಮಲಿಂಗಪ್ಪನ ಎರಡು ಬೆರಳನ್ನು ಮಾತ್ರ ಹಿತವಾಗಿ ಒತ್ತಿದ. ಭೀಮಲಿಂಗಪ್ಪ ತಲೆ ಅಡ್ಡಡ್ಡ ಆಡಿಸಿ ಇನ್ನೊಂದು ಬೆರಳು ಸೇರಿಸಿದ. ರುದ್ರೇಶ ಮತ್ತೆ ಎರಡನ್ನೇ ಒತ್ತಿದ. ಆ ಕಡೆಯಿಂದ ಜಗ್ಗಾಟ, ಈ ಕಡೆಯಿಂದ ಮುಗುಳ್ನಗೆ. ಪೇಷಂಟ್ ಬಿಡುವ ಮೊದಲು ನಾವು ಕೈ ಬಿಡಬಾರದು ಅಂತ ರುದ್ರೇಶ ಪಟ್ಟು ಹಿಡಿದು ಕೂತ.

ಕಡೆಗೆ ಭೀಮಲಿಂಗಪ್ಪನೇ ಉಸಿರು ಬಿಟ್ಟ. “ಸಾರ್, ನೀವು ಬಾಳ ಗಟ್ಟಿ ಅದೀರಿ.”

“ಗಟ್ಟಿ ನಿಮ್ಮೊಳಗೂ ಐತಿ ಯಜಮಾನ್ರ.”

“ಆಗ್ಲಿ ಬಿಡ್ರಿ. ಸರದಾರನ ಸಲುವಾಗಿ ನಿಮ್ಮ ಮಾತೇ ಇರ್ಲಿ,” ಅಂತ ಭೀಮಲಿಂಗಪ್ಪ ಮುಖ ಒರೆಸಿಕೊಂಡು ಎದ್ದು ನಿಂತ. ಬಂದಾಗ ಬಗ್ಗಿದ್ದ ಬೆನ್ನು ಈಗ ನೆಟ್ಟಗಾಗಿತ್ತು. “ಇವತ್ತು ರಾತ್ರಿ ನಿದ್ದಿ ಬರ್ತೈತಿ ನನಗ.”

ಮೇಡಂ ಪರದೆ ಸರಿಸಿಕೊಂಡು ಹೊರಗೆ ಬಂದರು. ಅವರು ಮೈಸೂರು ಕಡೆಯವರು, ಸಂತೋಷವನ್ನೂ ಅಳೆದು ತೂಗಿ ತೋರಿಸುವವರು. ಅಂಥವರ ಮುಖವೇ ಅರಳಿತ್ತು. “ತುಂಬಾ ಚೆನ್ನಾಗಿತ್ತು ರುದ್ರೇಶ್. ಆದರೆ ಮುಕ್ತಾಯ ಸ್ವಲ್ಪ ಅವಸರ ಆಯ್ತು. ಬಂದವರನ್ನ ಹಾಗೆ ಕಳಿಸಬಾರದು. ನೋಡಿ,” ಅಂತ ಭೀಮಲಿಂಗಪ್ಪನ ಕಡೆ ತಿರುಗಿದರು. “ಇನ್ನೇನಾದರೂ ಮನಸ್ಸಲ್ಲಿ ಉಳಿದಿದೆಯಾ ಯಜಮಾನ್ರೇ?”

“ಸರದಾರನ ತಂಗಿ ಬೆಳ್ಳಿ ಒಬ್ಬಾಕಿನೇ ಆಗ್ತಾಳಲ್ಲ ತಾಯಿ, ಅದೊಂದು...” ಅಂತ ಭೀಮಲಿಂಗಪ್ಪ ಮತ್ತೆ ಟವೆಲಿನಲ್ಲಿ ಕೈ ಸುತ್ತಿಕೊಂಡ.

ಮೇಡಂ ಅವನ ಕೈಯನ್ನು ಟವೆಲ್ ಸಮೇತ ಹಿಡಿದು, “ನಿಮ್ಮ ನೋವು ನಮಗೂ ಅರ್ಥ ಆಗುತ್ತೆ,” ಅಂತ ಎರಡು ಸಲ ಒತ್ತಿದರು. ಭೀಮಲಿಂಗಪ್ಪ ಅವರ ಕಾಲಿಗೇ ಬೀಳಹೋದ. “ತಾಯಿ, ನಿಮ್ಮದು ದೊಡ್ಡ ಕೈ,” ಅಂದು ಕಣ್ಣಿಗೊತ್ತಿಕೊಂಡು ಹೊರಗೆ ಹೋದ. ಹೀಗೆ ಮುಗಿಸಬೇಕು ಅಂತ ಮೇಡಂ ರುದ್ರೇಶನಿಗೆ ಕಣ್ಣಲ್ಲೇ ಹೇಳಿದರು.

ಪಾಸಾದ ಕಾಗದಕ್ಕೆ ಸಹಿ ಮಾಡುವುದು ಊಟದ ಮೇಲೆ ಅಂದರು ಮೇಡಂ. ರುದ್ರೇಶ ಕಾಲು ನೆಲಕ್ಕೆ ತಾಗದ ಹಾಗೆ ರಿಸೆಪ್ಷನ್ನಿಗೆ ಬಂದು ಅವ್ವನಿಗೆ ಫೋನ್ ಹಚ್ಚಿದ. “ಅವ್ವಾ, ಆತು! ಹೋಳಿಗಿ ಮಾಡು!” ಹಾರಿಕಾ ಕೈಕುಲುಕಿದಳು. ಬಸವಪ್ರಸಾದ ಹೊಸ ಟಿಶ್ಯೂ ಡಬ್ಬಿ ತಂದು ಮುಂದಿಟ್ಟ. “ನೋಡಿದ್ಯಾ, ಟಿಶ್ಯೂ ಇಲ್ದನ ಪಾಸಾದಿ. ಹುಚ್ಚು ಬಿಡೋತನ ಮದುವಿ ಆಗಲ್ಲ, ಮದುವಿ ಆಗೋತನ ಹುಚ್ಚು ಬಿಡಲ್ಲ ಅಂತಾರ. ಇನ್ನ ನೀನೇ ಎರಡೂ ಮಾಡಿಸಬಹುದು.”

ನಗು ಇನ್ನೂ ಮುಗಿದಿರಲಿಲ್ಲ, ಬಾಗಿಲಿನ ಕಡೆ ‘ಮ್ಯಾ’ ಅಂತ ಒಂದು ದನಿ ಬಂತು. ತಿರುಗಿ ನೋಡಿದರೆ ಭೀಮಲಿಂಗಪ್ಪ ಹಗ್ಗ ಹಿಡಿದು ಬರುತ್ತಿದ್ದಾನೆ. ಹಗ್ಗದ ತುದಿಗೆ ಕರುವಿನಷ್ಟು ಎತ್ತರದ ಕರೀ ಟಗರು, ಸುರುಳಿ ಕೊಂಬು, ಕೊರಳಲ್ಲಿ ಗಂಟೆ.

“ತಗೋರಿ ಸಾರ್, ನಿಮ್ಮ ಸರದಾರ,” ಅಂತ ಹಗ್ಗವನ್ನು ರುದ್ರೇಶನ ಕೈಗಿಟ್ಟ.

“ನಮ್ಮ... ಏನು?”

ಸರದಾರನಿಗೆ ಇಷ್ಟು ಮಾತು ಸೇರಲಿಲ್ಲ. ಅವನು ಸುತ್ತ ಒಮ್ಮೆ ನೋಡಿದ. ಬಿದ್ದ ಬಿಲ್ ಎತ್ತಿಕೊಳ್ಳಲು ಬಗ್ಗಿದ್ದ ಬಸವಪ್ರಸಾದನ ಹಿಂಭಾಗ ಕಂಡಿತು. ಬಗ್ಗಿದವರನ್ನು ನೋಡಿದರೆ ಅವನಿಗೆ ಬೀಗರ ನೆನಪಾಗುತ್ತಿತ್ತೋ ಏನೋ. ಹಗ್ಗ ಕಿತ್ತುಕೊಂಡು ಓಡಿ ಬಂದು ಗುಮ್ಮಿದ. ಬಸವಪ್ರಸಾದ ಪಕ್ಕದ ತನ್ನ ಶಾಪಿನ ಕೆಮ್ಮಿನ ಔಷಧಿಯ ಬಾಟಲಿಗಳ ಮೇಲೆ ಹೋಗಿ ಬಿದ್ದ. ಹಾರಿಕಾ ಕೌಂಟರ್ ಹತ್ತಿ ನಿಂತು “ಅಮ್ಮೋ! ಅಮ್ಮೋ!” ಅಂತ ಕೂಗಿದಳು. ಡ್ರಿಪ್ ಹಾಕಿಸಿಕೊಂಡಿದ್ದ ಕೋಸಗಿಯ ಅಜ್ಜ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ನೋಡಲು ಬಂದ. ಸುತ್ತ ನೆರೆದವರೆಲ್ಲ ಬುದ್ಧಿ ಹೇಳತೊಡಗಿದರು.

“ಕೊಂಬು ಹಿಡೀರಿ!”

“ಕೊಂಬು ಬ್ಯಾಡ, ಕಾಲು ಹಿಡೀರಿ!”

“ಸಾರ್ ಮನಸಿನ ಡಾಕ್ಟರಲ್ಲಾ, ಮಾತಾಡಿಸಲಿ ಬಿಡ್ರಿ!”

ಲಿಂಗಕ್ಕ ಬಂದು “ಥೂ, ಬಾಡ್ಯಾ!” ಅಂತ ಪರಕೆ ತೋರಿಸಿದ ಮೇಲೆ ಸರದಾರ ತಣ್ಣಗಾದ. ರುದ್ರೇಶನ ಬೆವರು ತಣ್ಣಗಾಗಲಿಲ್ಲ. “ಭೀಮಲಿಂಗಪ್ಪನೋರ, ನಾ ಯಾವಾಗ ತಗೊಂಡೆ ನಿಮ್ಮ ಟಗರು?”

“ಬೆರಳು ಹಿಡಿದು ಮಾತು ಮುಗಿಸಿ ಈಗ ಯಾವಾಗ ಅಂತೀರಾ?” ಭೀಮಲಿಂಗಪ್ಪನ ಮುಖ ಕಳೆಗುಂದಿತು. “ಬೆಲಿಯಾಗ ನಾನೇ ಸೋತು ಕೊಟ್ಟೀನಿ, ಮನಸು ಮೆತ್ತಗ ಐತಿ ಅಂತ. ಹತ್ತಿ ಮರಿಬಸಪ್ಪನೋರ ಮಗ ಆಗಿ ಹಿಂಗ ಮಾಡಬಾರದು ಸಾರ್.”

ಬಸವಪ್ರಸಾದ ಬಿದ್ದಲ್ಲಿಂದಲೇ ಮರಿಬಸಪ್ಪನವರಿಗೆ ಫೋನ್ ಹಚ್ಚಿದ. ಊರ ಉಸಾಬರಿಗೆ ಅವನಿಗೆ ಸೊಂಟ ನೋವೂ ಅಡ್ಡಿಯಲ್ಲ.

ಮಾರ್ಕೆಟ್ ಯಾರ್ಡಿನಿಂದ ಮರಿಬಸಪ್ಪ ಸ್ಕೂಟರಿನಲ್ಲಿ ಬಂದರು, ಬಿಳೀ ಅಂಗಿಯ ಮೇಲೆ ಹತ್ತಿ ಅಂಟಿಸಿಕೊಂಡು. ಅಷ್ಟರಲ್ಲಿ ಮೇಡಂ ಕೂಡ ಊಟದ ಡಬ್ಬಿ ಬಿಟ್ಟು ಬಂದಿದ್ದರು. ಮರಿಬಸಪ್ಪ ಎರಡೂ ಕಡೆಯ ಮಾತು ಕೇಳಿ ಮಗನ ಕಡೆ ತಿರುಗಿದರು.

“ಟವೆಲ್ ಇತ್ತಾ?”

“ಇತ್ತಪ್ಪಾ. ಆದ್ರ...”

“ಕೈ ಅದರೊಳಗ ಇತ್ತಾ?”

“ಇತ್ತು. ಅದು ಸಾಂತ್ವನ ಅಪ್ಪಾ!”

“ಹೆಸರು ಏನರ ಇರಲಿ. ಹೆಂಗ ಹಿಡಿದಿ ತೋರಸು,” ಅಂತ ತಮ್ಮ ಟವೆಲ್ ಮುಂದೆ ಹಿಡಿದರು. ರುದ್ರೇಶ ಒಳಗೆ ಕೈ ಹಾಕಿ ಎರಡು ಬೆರಳು ಒತ್ತಿ ತೋರಿಸಿದ. ಮರಿಬಸಪ್ಪನವರ ಹುಬ್ಬು ನಿಧಾನಕ್ಕೆ ಮೇಲೆ ಹೋಯಿತು. “ಆಂವ ಒಂದು ಬೆರಳು ಏರಿಸಿದಾಗ?”

“ಮತ್ತ ಎರಡೇ ಒತ್ತಿದೆ. ನಕ್ಕೊಂಡು ಸುಮ್ಮನ ಕುಂತೆ.”

“ಎಲಾ ಮಗನ!” ಮರಿಬಸಪ್ಪ ಮಗನ ಬೆನ್ನು ಚಪ್ಪರಿಸಿದ ಸದ್ದಿಗೆ ಸರದಾರನೂ ತಲೆ ಎತ್ತಿದ. “ಆ ಬೆಲಿಗೆ ಸಂತ್ಯಾಗ ಇದರ ಕೊಂಬು ಸುದ್ದಾ ಬರಂಗಿಲ್ಲ! ಅಳೋ ಮನುಷ್ಯಾನ್ನ ಸಮಾಧಾನ ಮಾಡಿಕೋತ, ನಕ್ಕೋತ, ಒಂದು ಮಾತು ಆಡಲಾರದ ಅರ್ಧಕ್ಕರ್ಧ ಕಡಿಮಿಗೆ ಹೊಡೆದಾನ. ನಾ ಇಪ್ಪತ್ತು ವರ್ಷ ಗಾದಿ ಮ್ಯಾಲ ಕುಂತು ಕಲಿತದ್ದು ಇವನ ರಕ್ತದಾಗ ಐತಲ್ಲ!”

ಮೇಡಂಗೆ ತಲೆಬುಡ ತಿಳಿಯಲಿಲ್ಲ. ಮರಿಬಸಪ್ಪನವರೇ ಬಿಡಿಸಿ ಹೇಳಿದರು. “ನಾಕು ಮಂದಿ ಮುಂದ ಬಾಯಿಬಿಟ್ಟು ಬೆಲಿ ಹೇಳಿದರ ನಡುವ ನೂರು ಮಂದಿ ಬಾಯಿ ಹಾಕ್ತಾರ್ರಿ ಅಮ್ಮಾ. ಅದಕ್ಕ ನಮ್ಮ ಕಡೆ ಟವೆಲ್ ಮರೆಯಾಗ ಬೆರಳು ಹಿಡಿದು ಚೌಕಾಸಿ ಮಾಡ್ತೀವಿ. ಒಂದೊಂದು ಬೆರಳಿಗೆ ಒಂದೊಂದು ಲೆಕ್ಕ. ಒತ್ತಿ ಹಿಡಿದು ಇಬ್ಬರೂ ಹೂಂ ಅಂದ್ರ ಮುಗೀತು, ಹಿಂದ ಸರಿಯಂಗಿಲ್ಲ. ರೊಕ್ಕದ ಮಾತು ನಾ ನೋಡ್ಕೋತೀನಿ ಭೀಮಲಿಂಗಪ್ಪ. ಟಗರು ನಮ್ಮದು.”

ಭೀಮಲಿಂಗಪ್ಪ ಕೈಮುಗಿದು ನೆಮ್ಮದಿಯಿಂದ ಹೊರಗೆ ನಡೆದ. ಮೇಡಂ ಮುಖ ಮಾತ್ರ ಗಂಟಿಕ್ಕಿತು.

“ರುದ್ರೇಶ್, ಚಿಕಿತ್ಸೆಗೆ ಬಂದವರ ಜೊತೆ ಕೊಡು-ಕೊಳ್ಳುವ ಸಂಬಂಧ ಇಟ್ಟುಕೊಳ್ಳಬಾರದು. ಮೊದಲನೇ ದಿನ ಹೇಳಿದ್ದೇ ಇದನ್ನ. ನೆನಪಿದೆಯಾ?”

“ನೆನಪಿದೆ ಮೇಡಂ. ಆದರೆ ನನಗೆ ಈ ಬೆರಳಿನ ಲೆಕ್ಕ ಗೊತ್ತೇ ಇರಲಿಲ್ಲ.”

“ಅದು ಇನ್ನೂ ದೊಡ್ಡ ತಪ್ಪು! ಎದುರಿಗೆ ಕೂತವರ ರೂಢಿ ತಿಳಿಯದೆ ಅವರ ಕೈ ಮುಟ್ಟೋದಾ? ಅದೂ ಈ ಊರಲ್ಲೇ ಹುಟ್ಟಿ? ಕೈ ಅನ್ನೋದು ಎಷ್ಟು ಜವಾಬ್ದಾರಿಯಿಂದ ಬಳಸಬೇಕಾದ ಸಾಧನ ಗೊತ್ತಾ? ಸಾರಿ. ನಾನು ಸಹಿ ಮಾಡಲ್ಲ. ಇನ್ನೂ ಆರು ತಿಂಗಳು ತರಬೇತಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರುದ್ರೇಶನ ಕಣ್ಣ ಮುಂದೆ ಹೋಳಿಗೆ ಮಾಡುತ್ತಿರುವ ಅವ್ವ ಬಂದಳು, ಗಾದಿ ಬಂತು, ಸೀನೂ ಬಂತು. ಅವನಿಗೆ ನಿಜಕ್ಕೂ ಅಳು ಬಂದಿತ್ತು. ಆಗ ಬಾಗಿಲ ಹತ್ತಿರ ಇನ್ನೊಂದು ‘ಮ್ಯಾ’ ಕೇಳಿಸಿತು. ಈ ಸಲ ದನಿ ಸಣ್ಣದು.

ಭೀಮಲಿಂಗಪ್ಪ ಒಂದು ಬಿಳೀ ಕುರಿಯನ್ನು ಹಿಡಿದುಕೊಂಡು ಬಂದು ಸೀದಾ ಮೇಡಂ ಮುಂದೆ ನಿಂತ. ಕುರಿಯ ಬಾಯಲ್ಲಿ ಹಾರಿಕಾಳ ಸ್ಕೂಟಿಯ ಸೀಟಿನ ಚೂರು ಇತ್ತು.

“ತಗೋರಿ ತಾಯಿ, ಇದು ನಿಮ್ಮದು. ಬೆಳ್ಳಿ.”

ಮೇಡಂ ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಅನ್ನೋ ಹಾಗೆ ನೋಡಿಕೊಂಡರು.

“ಹೆಂಗ ಹಿಡಿದಿದ್ರು?” ಅಂತ ಮರಿಬಸಪ್ಪ ಪಿಸುಗುಟ್ಟಿದರು.

“ಐದೂ ಬೆರಳು,” ಅಂದ ಭೀಮಲಿಂಗಪ್ಪ ಭಕ್ತಿಯಿಂದ. “ಎರಡು ಸಲ.”

ಮರಿಬಸಪ್ಪ ನಾಲಿಗೆ ಕಚ್ಚಿಕೊಂಡರು. “ಅಮ್ಮಾ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಸ್ವಲ್ಪ ಜಾಸ್ತಿಗೇ ಹಿಡಿದ್ರಿ.”

ರುದ್ರೇಶನ ಅಳು ಹೋದ ಜಾಗಕ್ಕೆ ಆತ್ಮವಿಶ್ವಾಸ ವಾಪಸ್ ಬಂತು. ಇನ್ನು ಮೇಡಂ ಏನು ಕಾರಣ ಬರೆಯುತ್ತಾರೆ? ಬರೆದರೆ ತಮ್ಮದನ್ನೂ ಬರೆಯಬೇಕು! ಅವನು ಎದೆ ಸೆಟೆಸಿ, ದನಿಯಲ್ಲಿ ಕರುಣೆ ತುಂಬಿಕೊಂಡು ಹೇಳಿದ, “ಮೇಡಂ, ನಿಮಗೆ ಈಗ ತುಂಬಾ ಮುಜುಗರ ಆಗ್ತಾ ಇದೆ ಅನಿಸುತ್ತೆ.”

ಮೇಡಂ ಬಹಳ ಹೊತ್ತು ಸುಮ್ಮನಿದ್ದರು. ರುದ್ರೇಶನೂ ಸುಮ್ಮನಿದ್ದ, ಕಲಿಸಿದವರಿಗೇ ತಿರುಗಿಸಿ ತೋರಿಸುವ ಹಾಗೆ. ಕೋಸಗಿಯ ಅಜ್ಜ ಬೆಳ್ಳಿಯ ಹತ್ತಿರ ಕೂತು ಅದರ ತಲೆ ಸವರುತ್ತಿದ್ದ. ಬಂದಾಗಿನಿಂದ ಯಾರ ಹತ್ತಿರವೂ ಮಾತಾಡದ ಅಜ್ಜ ಅದರ ಕಿವಿಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದ. ಮೇಡಂ ಅದನ್ನು ನೋಡಿದರು. ಮುಖದ ಗಂಟು ಸಡಿಲವಾಯಿತು.

“ಪ್ರಾಣಿಗಳ ಒಡನಾಟದಿಂದ ಮನಸ್ಸಿಗೆ ಚಿಕಿತ್ಸೆ,” ಅಂದರು ನಿಧಾನವಾಗಿ. “ಬೇರೆ ಕಡೆ ನಾಯಿ ಇಡ್ತಾರೆ, ಕುದುರೆ ಇಡ್ತಾರೆ. ಆದೋನಿಯಲ್ಲಿ ಕುರಿ ಯಾಕಾಗಬಾರದು? ಇವತ್ತಿಂದಲೇ ಶುರು. ಇದು ಕೊಡು-ಕೊಳ್ಳೋದಲ್ಲ, ಯೋಜನೆ. ರುದ್ರೇಶ್, ನಿಮ್ಮ ಮೇಲೆ ಹಾಕಿದ್ದ ತಪ್ಪು ವಾಪಸ್ ತಗೊಂಡಿದೀನಿ. ನೀವು ಪಾಸ್.”

“ಥ್ಯಾಂಕ್ಯೂ ಮೇಡಂ!”

“ಈ ಯೋಜನೆಗೆ ಅನುಭವ ಇರೋ ಒಬ್ಬ ಇಂಟರ್ನ್ ಬೇಕು. ಸರದಾರನ ಜೊತೆ ನಿಮಗಿಂತ ಒಳ್ಳೆ ಸಂಬಂಧ ಇರೋರು ಯಾರಿದ್ದಾರೆ? ಮೇವು, ನೀರು, ಹಿಕ್ಕೆ ಎಲ್ಲ ನಿಮ್ಮ ಮೇಲ್ವಿಚಾರಣೆ. ಆರು ತಿಂಗಳು.”

“ಮೇಡಂ, ಫೇಲಾಗಿದ್ರೂ ಆರು ತಿಂಗಳೇ ಅಲ್ವಾ?”

“ಹೌದು. ಆದರೆ ಇದು ಗೌರವದ ಆರು ತಿಂಗಳು,” ಅಂತ ಮೇಡಂ ಊಟದ ಡಬ್ಬಿಯ ಕಡೆ ಹೊರಟರು.

ರುದ್ರೇಶ ಅಪ್ಪನ ಕಡೆ ತಿರುಗಿದ. ಒಂದಾದರೂ ಉಳಿಯಿತಲ್ಲ ಅಂದುಕೊಂಡ. “ಅಪ್ಪಾ, ಪಾಸ್ ಅಂದ್ರು, ಕೇಳಿದ್ರಲ್ಲಾ. ನಿಮ್ಮ ಮಾತು...”

“ನನ್ನ ಮಾತು ಮಾತೇ. ನಿನ್ನ ದಾರಿ ನಿನಗ,” ಅಂದರು ಮರಿಬಸಪ್ಪ. ಮಗನ ಹೆಗಲ ಮೇಲೆ ಕೈ ಹಾಕಿದರು. “ಆದ್ರ ಟಗರಿನ ರೊಕ್ಕ ಕೊಟ್ಟೋನು ನಾನು. ಮುಂಜಾನಿ ಎರಡು ತಾಸು ಅಂಗಡ್ಯಾಗ ಕುಂತು ತೀರಿಸು, ಆಮ್ಯಾಲ ಇಲ್ಲಿಗೆ ಬಾ. ವ್ಯಾಪಾರ ಗೀಪಾರ ಏನೂ ಬ್ಯಾಡ. ಬಂದ ಗಿರಾಕಿ ಕೈ ಹಿಡಕೊಂಡು, ಅವನ ಮಾರಿ ನೋಡಿ, ಹಿಂಗ ಸುಮ್ಮನ ನಕ್ಕೋತ ಕುಂದ್ರು. ಸಾಂತ್ವನ ಮಾಡು ಸಾಕು!” ಸ್ಕೂಟರ್ ಹತ್ತಿ ಹೋಗುವಾಗ ಅವರು ಹಾಡು ಗುನುಗುತ್ತಿದ್ದದ್ದನ್ನು ಎಲ್ಲರೂ ಕೇಳಿದರು.

ಭೀಮಲಿಂಗಪ್ಪ ಆಟೋದಲ್ಲಿ ಕೂತ ಕೂಡಲೇ ಬಾಯಿ ತೆರೆದು ನಿದ್ದೆ ಹೋದನಂತೆ. ಸಂಜೆ ಆಸ್ಪತ್ರೆಯ ಹಿಂದಿನ ಬೇವಿನ ಗಿಡಕ್ಕೆ ಸರದಾರನನ್ನೂ ಬೆಳ್ಳಿಯನ್ನೂ ಕಟ್ಟಿ, ಮೇವು ಹಾಕಿ, ರುದ್ರೇಶ ಕಟ್ಟೆಯ ಮೇಲೆ ಕುಸಿದು ಕೂತ. ಬೆಳಿಗ್ಗೆ ಹತ್ತಿ, ಮಧ್ಯಾಹ್ನ ಮನಸ್ಸು, ಸಂಜೆ ಕುರಿ. ಕಣ್ಣಲ್ಲಿ ನೀರು ತುಂಬಿತು. ಪಕ್ಕದಲ್ಲಿಟ್ಟಿದ್ದ ಹೊಸ ಟಿಶ್ಯೂ ಡಬ್ಬಿಗೆ ಕೈ ಹಾಕಿದರೆ ಅದನ್ನು ಅಷ್ಟರಲ್ಲಿ ಸರದಾರ ಅಗಿಯುತ್ತಿದ್ದ.

ಲಿಂಗಕ್ಕ ಕೆಲಸ ಮುಗಿಸಿ ಹೊರಟವಳು ನಿಂತಳು. ಆಕೆಯ ಕರುಳು ಚುರುಕ್ ಅಂತು. ಹತ್ತಿರ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, “ಅಳಬ್ಯಾಡ್ರಿ ಸಾರ್, ಎಲ್ಲಾ ಸರಿ ಆಗ್ತೈತಿ,” ಅಂತ ಆ ಸೆರಗಿನ ಸಮೇತ ಅವನ ಕೈ ಹಿಡಿಯಲು ಬಂದಳು.

ರುದ್ರೇಶ ಎರಡೂ ಕೈಯನ್ನು ಗಬಕ್ಕನೆ ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು ಎದ್ದು ನಿಂತ.

“ಲಿಂಗಕ್ಕಾ, ಮೊದಲ ಹೇಳು. ನಿಮ್ಮ ಮನ್ಯಾಗ ಮಾರೋದು ಏನಾರ ಐತಾ?”

ಲಿಂಗಕ್ಕ ನಾಚಿಕೊಂಡು ಸೆರಗಿನ ತುದಿ ಹೊರಳಿಸಿದಳು. “ಒಂದು ಎಮ್ಮಿ ಐತ್ರಿ.”